ಖಾಲಿದಿಯಾದ ಜಪಾನಿ ಅಜ್ಜಿ

ಜಪಾನಿಗೆ ಹೋಗಿ ಬಂದ ಮೇಲೆ ಧರ್ಮಪಾಲನಿಗೆ ಮೀನುಗಾರರ ಮೇಲೆ ಪ್ರೀತಿ ಹುಟ್ಟಿತು. ಜಪಾನಿನ ಮೀನುಗಾರರ ಮೇಲೆ.

ಕುಶಿರೋ ಎಂಬ ಬಂದರು ಪಟ್ಟಣವಂತೆ. ಉತ್ತರದ ಚಳಿಯ ಊರು. ಅಲ್ಲಿನ ಸಂತೆಯಲ್ಲಿ ಒಂದು ಬಟ್ಟಲು ಅನ್ನ ಕೊಂಡು, ಅಂಗಡಿಯಿಂದ ಅಂಗಡಿಗೆ ಹೋಗಿ ಬೇಕಾದ ಮೀನಿನ ಹೋಳು ಹಾಕಿಸಿಕೊಂಡು ತಿನ್ನಬಹುದಂತೆ. ಸಂಜೆಯಾದರೆ ಗೂಡಿನಂಥ ಹೋಟೆಲುಗಳು. ನಡುವೆ ಕೆಂಡದ ಒಲೆ, ಸುತ್ತ ಕೂತು ತಿನ್ನುವವರು, ಒಲೆಯ ಮುಂದೆ ಮೀನು ಸುಡುವ ಮುದುಕಿ. ಗೋಡೆಗೆ ಮಸಿ, ಬಾಗಿಲಿಗೆ ತುಕ್ಕು, ಮೇಜಿಗೆ ಉಪ್ಪುನೀರಿನ ಕಲೆ. "ಆ ಊರಿನವರು ತಿನ್ನುವ ಜಾಗವೇ ಬೇರೆ. ಟೂರಿಸ್ಟರಿಗೆ ಅದು ಗೊತ್ತೇ ಆಗೋದಿಲ್ಲ" ಎಂದು ಟೂರಿಸ್ಟ್ ಬಸ್ಸಿನಲ್ಲೇ ತಿರುಗಿ ಬಂದ ಧರ್ಮಪಾಲ ಸಿಕ್ಕವರಿಗೆಲ್ಲ ಹೇಳಿದ. ಅಂಥ ಒಬ್ಬ ಮುದುಕಿಯ ಕೈ ಹಿಡಿದು ನಿಂತ ಫೋಟೋ ತೋರಿಸಿದ. ತೋರಿಸುವಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು.

ಅವನ ಸ್ವಂತ ತಾಯಿ ಅಪ್ಪಿ, ಕರಾವಳಿಯ ಕಾಪುವಿನಲ್ಲಿ ಮಂಡೆ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿ ಅವನನ್ನು ಸಾಕಿದವಳು. ಅವಳ ಕೈ ಹಿಡಿದ ಫೋಟೋ ಅವನ ಹತ್ತಿರ ಒಂದೂ ಇರಲಿಲ್ಲ.

ಇರುವುದಾದರೂ ಹೇಗೆ? ದುಬೈಯ ಸತ್ವಾದಲ್ಲಿ ಧರ್ಮಪಾಲನದು ಶುದ್ಧ ಸಸ್ಯಾಹಾರಿ ಉಡುಪಿ ಹೋಟೆಲು. ಹಣೆಗೆ ಗಂಧ ಹಚ್ಚಿ ಗಲ್ಲಾದ ಹಿಂದೆ ಕೂರುತ್ತಿದ್ದ. ಮೀನುಗಾರರ ಜಾತಿಯೆಂದು ಊರವರಿಗೆ ಕೂಡಲೇ ತಿಳಿಯುವ ಮೆಂಡನ್ ಎಂಬ ಮನೆತನದ ಹೆಸರು ವಿಸಿಟಿಂಗ್ ಕಾರ್ಡಿನಿಂದ ಎಂದೋ ಉದುರಿತ್ತು. ಗಿರಾಕಿಗಳು "ಭಟ್ರೇ" ಎಂದರೆ ತಿದ್ದುತ್ತಿರಲಿಲ್ಲ. ಇನ್ನೊಂದು ಸೌಟು ಸಾಂಬಾರು ಬಡಿಸಲು ಹೇಳುತ್ತಿದ್ದ. ಕೆಲಸದವರ ರೂಮಿನಲ್ಲಿ ಯಾರೋ ಒಣಮೀನು ಸುಟ್ಟರೆಂದು ಇಡೀ ರೂಮಿನವರ ವಾರದ ರಜೆ ಕಿತ್ತುಕೊಂಡಿದ್ದ. "ವಾಸನೆ ಮೊದಲು ಗೋಡೆಗೆ ಹಿಡೀತದೆ, ಆಮೇಲೆ ಹೆಸರಿಗೆ ಹಿಡೀತದೆ" ಎಂಬುದು ಆ ಮಹಾಶಯನ ಸುಭಾಷಿತ.

ಈಗ ಅದೇ ವಾಸನೆಯ ಜಪಾನಿ ಹೋಟೆಲೊಂದನ್ನು ತೆರೆಯಲು ಡಿಸೈನರನೊಬ್ಬನನ್ನು ಗೊತ್ತುಮಾಡಿದ. ಮಂಗಳೂರಿನ ಆಲ್ವಿನ್, ಹೋಟೆಲುಗಳಿಗೆ ವೇಷ ಕಟ್ಟುವುದು ಅವನ ಕಸುಬು. ಅಬುಧಾಬಿಯ ಖಾಲಿದಿಯಾದಲ್ಲಿ, ಹೊಸ ಕಟ್ಟಡದ ನೆಲ ಅಂತಸ್ತಿನಲ್ಲಿ ಜಪಾನಿನ ಬಂದರು ಏಳತೊಡಗಿತು. ಹೊಳೆಯುವ ಗೋಡೆಗೆ ಮಸಿ ಬಳಿದರು. ಹೊಸ ತಗಡಿಗೆ ಆಸಿಡ್ ಸುರಿದು ತುಕ್ಕು ಹಿಡಿಸಿದರು. ಹರಕು ಬಲೆ ಬೇಕೆಂದು ಹೊಸ ಬಲೆ ತರಿಸಿ ಕತ್ತರಿಯಿಂದ ಹರಿದರು. ಬಡವರ ಮನೆಗೆ ಕರೆಯದೆ ಬರುವುದೆಲ್ಲ ಇಲ್ಲಿಗೆ ಬಿಲ್ಲು ಹಿಡಿದುಕೊಂಡು ಬಂತು.

"ಎಲ್ಲಾ ಆಯ್ತು ಸರ್, ಅಜ್ಜಿ ಒಂದು ಬಾಕಿ" ಎಂದ ಆಲ್ವಿನ್. "ಒಲೆ ಮುಂದೆ ಅಜ್ಜಿ ಇಲ್ಲದಿದ್ರೆ ಅಥೆಂಟಿಕ್ ಅನ್ಸೋದಿಲ್ಲ."

ಏಜೆನ್ಸಿಯ ಮೂಲಕ ಮನಿಲಾದ ಒಬ್ಬ ಹೆಂಗಸು ಗೊತ್ತಾದಳು. ಜಪಾನಿನವಳೇ ಆಗಬೇಕೆಂದು ಯಾರೂ ಹಠ ಹಿಡಿಯಲಿಲ್ಲ. "ನೋಡ್ಲಿಕ್ಕೆ ಹಾಗೆ ಕಂಡ್ರೆ ಸಾಕು, ಪಾಸ್‌ಪೋರ್ಟ್ ಯಾರು ಕೇಳ್ತಾರೆ?" ಎಂದ ಧರ್ಮಪಾಲ. ಉದ್ಘಾಟನೆಯ ಮಧ್ಯಾಹ್ನ ಆ ಹೆಂಗಸು ಫೋನು ಮಾಡಿದಳು. ಯಾವುದೋ ಮಾಲಿನಲ್ಲಿ ಚೀನಾದ ಅಜ್ಜಿಯಾಗುವ ಕೆಲಸ ಸಿಕ್ಕಿದೆ, ಅವರು ಊಟವನ್ನೂ ಕೊಡುತ್ತಾರೆ, ಸಾರಿ ಸರ್, ಖಲಾಸ್.

ಅಪ್ಪಿ ಆಗ ಖಲೀಫಾ ಸಿಟಿಯಲ್ಲಿ, ಮಗನ ವಿಲ್ಲಾದಲ್ಲಿದ್ದಳು. ವಿಸಿಟ್ ವೀಸಾದಲ್ಲಿ ಬಂದವಳು. ಮನೆಗೆ ಯಾರಾದರೂ ಬರುವವರಿದ್ದರೆ ಸೊಸೆ ಅಶ್ಮಿತಾ "ಅತ್ತೆಗೆ ಮಂಡಿನೋವು" ಎಂದು ಅವಳನ್ನು ಮಹಡಿಯ ಕೋಣೆಗೆ ಕಳಿಸುತ್ತಿದ್ದಳು. ಮಂಡಿನೋವಿನವಳನ್ನು ಮಹಡಿ ಹತ್ತಿಸಿದ್ದು ಯಾಕೆಂದು ಕೇಳುವಷ್ಟು ಬುದ್ಧಿಯಿರುವವರು ಆ ಮನೆಗೆ ಬರುತ್ತಿರಲಿಲ್ಲ.

ಧರ್ಮಪಾಲ ಬಂದವನೇ ಮಹಡಿ ಹತ್ತಿದ. ಮನೆಯೊಳಗೆ, ಬಾಗಿಲು ಹಾಕಿದ್ದರೆ, ತಾಯಿ ಮಗನ ಮಾತು ತುಳುವಿನಲ್ಲೇ.

"ಅಮ್ಮಾ, ಒಂದು ಉಪಕಾರ ಆಗ್ಬೇಕು. ಮೀನು ಸುಡ್ಲಿಕ್ಕೆ ಜನ ಇಲ್ಲ."

"ಮೀನಾ? ನಿನ್ನ ಹೋಟ್ಲಲ್ಲಾ?" ಅಪ್ಪಿಗೆ ನಗು ತಡೆಯಲಾಗಲಿಲ್ಲ. "ದೇವರು ಮೈಮೇಲೆ ಬಂದಿದ್ದಾನಾ ನಿಂಗೆ?"

"ಇದು ಬೇರೆ ಹೋಟ್ಲು. ಜಪಾನ್ ಮೀನು."

"ಮೀನಿಗೆ ಎಂತ ಜಪಾನು ಮಾರಾಯ? ಸಮುದ್ರಕ್ಕೆ ಬೇಲಿ ಉಂಟಾ?"

ಅವನು ಚೀಲದಿಂದ ಒಂದೊಂದೇ ತೆಗೆದು ಹಾಸಿಗೆಯ ಮೇಲಿಟ್ಟ. ನೀಲಿ ಬಣ್ಣದ ಅಗಲ ತೋಳಿನ ಅಂಗಿ, ತಲೆಗೆ ಕಟ್ಟುವ ಬಟ್ಟೆ, ಕೈಗೆ ಗ್ಲೌಸು, ಮುಖಕ್ಕೆ ಕರಿಯ ಮಾಸ್ಕು.

"ಇದೆಂತ, ಮೀನಿಗೆ ಆಪರೇಷನ್ ಉಂಟಾ?"

"ಅಲ್ಲಿನ ಅಜ್ಜಿಯರು ಹೀಗೇ ಇರೋದು. ನೀನು ಮಾತಾಡ್ಬೇಡ, ಅಷ್ಟೆ. ಯಾರಾದ್ರೂ ಏನಾದ್ರೂ ಹೇಳಿದ್ರೆ ತಲೆ ಬಗ್ಗಿಸು."

ಅಪ್ಪಿ ಆ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮಗ ಯಾವುದನ್ನು ಮುಚ್ಚುತ್ತಿದ್ದಾನೆಂದು ತಿಳಿಯದಷ್ಟು ಮಂದವಾಗಿರಲಿಲ್ಲ ಅವಳ ಬುದ್ಧಿ.

"ಬರ್ತೇನೆ. ಆದ್ರೆ ಎಲ್ಲ ಮುಗಿದ ಮೇಲೆ ನಿನ್ನ ಜನರ ಎದುರು ಒಮ್ಮೆ ಹೇಳ್ಬೇಕು, ಇವಳು ನನ್ನ ಅಮ್ಮ ಅಂತ. ಬೇರೆ ಎಂತದ್ದೂ ಬೇಡ ನಂಗೆ."

"ಹೇಳುವಾ, ಹೇಳುವಾ. ಯಲ್ಲಾ, ಹೊರಡು, ಲೇಟಾಯ್ತು."

ಊರಿಡೀ ಚೌಕಾಸಿ ಮಾಡಿ, ಯಾರ ಮಾತಿನಲ್ಲಿ ಎಷ್ಟು ಸುಳ್ಳೆಂದು ಮುಖ ನೋಡಿಯೇ ಹೇಳುತ್ತಿದ್ದ ಹೆಂಗಸು, ಆ ಅವಸರದ ಮಾತನ್ನು ನಂಬಿ ಕಾರು ಹತ್ತಿದಳು.

ಸಂಜೆ ಸೇರಿದವರಲ್ಲಿ ಅರ್ಧ ಜನ ಕರಾವಳಿಯವರೇ. ಸಂಘದ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಮುಂದಿನ ಸಲ ಅಧ್ಯಕ್ಷರಾಗಲಿರುವವರು. ಮನೆಯಲ್ಲಿ ಬಂಗುಡೆ ಮೀನಿನ ಖಾರದ ಪುಳಿಮುಂಚಿ ತಿಂದು, ಆಫೀಸಿಗೆ ಹೊರಡುವ ಮೊದಲು ಎರಡೆರಡು ಸಲ ಕೈ ಮೂಸಿ ನೋಡಿಕೊಳ್ಳುವ ಮಂದಿ. ಇಲ್ಲಿ ಬರೀ ಉಪ್ಪು ಹಚ್ಚಿ ಸುಟ್ಟ ಮೀನಿನ ಮುಂದೆ ಕಣ್ಣು ಮುಚ್ಚಿ ತಲೆದೂಗಿದರು. ಮುಳ್ಳು ತೆಗೆಯಲು ಬಾರದ ಜಪಾನಿ ಊಟದ ಕಡ್ಡಿಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು, "ಎಷ್ಟು ಸಿಂಪಲ್ ಅಲ್ವಾ! ನಮ್ಮವರಿಗೆ ಮಸಾಲೆ ಇಲ್ಲದೆ ಆಗೋದೇ ಇಲ್ಲ" ಎಂದು ನಮ್ಮವರನ್ನು ಹಳಿದರು.

ಒಲೆಯ ಮುಂದೆ ಅಪ್ಪಿ. ಮೀನು ಸನ್ಮಾ ಎಂಬುದು, ಉದ್ದ ತೆಳ್ಳಗಿನದು, ವಿಮಾನದಲ್ಲಿ ಬಂದದ್ದು. ತಟ್ಟೆಗೊಂದೇ ಎಂದು ಧರ್ಮಪಾಲ ಬೆರಳೆತ್ತಿ ತೋರಿಸಿ ಹೋಗಿದ್ದ.

ಬ್ಯಾಂಕಿನ ದೊಡ್ಡ ಮ್ಯಾನೇಜರನೊಬ್ಬ, ದೆಹಲಿಯವನು, ಧರ್ಮಪಾಲನ ಹೆಗಲ ಮೇಲೆ ಕೈಯಿಟ್ಟು ಈ ಅಜ್ಜಿಯನ್ನು ಎಲ್ಲಿ ಹಿಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಜಪಾನಿನಿಂದಲೇ ಕರೆಸಿದ್ದು. ನಾಲ್ಕು ತಲೆಮಾರಿನಿಂದ ಇವರದು ಮೀನಿನ ಕೆಲಸ."

ಎರಡನೆಯ ಮಾತು ನಿಜವಾಗಿತ್ತು. ಅಪ್ಪಿಗೆ ಜಪಾನ್ ಎಂಬ ಶಬ್ದವೊಂದು ತಿಳಿಯಿತು. ಹೇಳಿಕೊಟ್ಟ ಹಾಗೆ ತಲೆ ಬಗ್ಗಿಸಿದಳು.

ಟೈಲ್ಸ್ ವ್ಯಾಪಾರದ ಅಬ್ದುಲ್ ಸಲಾಂ ತನ್ನ ತಾಯಿ ಆಚುಮ್ಮಳನ್ನೂ ಕರೆದುಕೊಂಡು ಬಂದಿದ್ದ. ಅವಳೂ ಕಾಪುವಿನವಳೇ, ಮಗನ ಮನೆಗೆ ಬಂದವಳು. ಅಪ್ಪಿಯ ಬುಟ್ಟಿ ಎಷ್ಟೋ ವರ್ಷ ಮೊದಲು ಇಳಿಯುತ್ತಿದ್ದದ್ದು ಆಚುಮ್ಮಳ ಜಗಲಿಯಲ್ಲಿ. ತಟ್ಟೆ ಹಿಡಿದು ಆ ಮುದುಕಿ ಒಲೆಯ ಮುಂದೆ ಬಂದಾಗ ಅಪ್ಪಿಯ ಕೈ ಮಗನ ಬೆರಳನ್ನು ಮರೆಯಿತು. ಒಂದು ಮೀನು ಇಟ್ಟಳು. ಅದರ ಮೇಲೆ, ನೋಡದೆಯೇ, ಇನ್ನೊಂದು ಎಸೆದಳು.

ಅದು ಕೊಸರು. ಲೆಕ್ಕ ಮುಗಿದ ಮೇಲೆ ಹಾಕುವ ಒಂದು ಮೀನು. ಕೊಸರು ಹಾಕದೆ ಬುಟ್ಟಿ ಎತ್ತಿದವಳನ್ನು ಮರುದಿನ ಯಾವ ಮನೆಯವರೂ ಕೂಗಿ ಕರೆಯುವುದಿಲ್ಲ.

ಆಚುಮ್ಮ ತಟ್ಟೆ ನೋಡಿದಳು. ಮಾಸ್ಕಿನ ಮೇಲಿನ ಕಣ್ಣು ನೋಡಿದಳು.

"ಅಪ್ಪೀ! ನೀನಾ? ಮುಖಕ್ಕೆ ಎಂತ ಆಯ್ತು ಮಾರಾಯ್ತಿ?"

"ಶ್! ಮಾತಾಡ್ಬಾರ್ದಂತೆ. ನಾನೀಗ ಜಪಾನಿನವಳು."

"ಯಾರು ಹೇಳಿದ್ದು ಹಾಗಂತ?"

"ಮಗ. ಮುಗಿದ ಮೇಲೆ ಎಲ್ಲರ ಎದುರು ಹೇಳ್ತಾನಂತೆ, ನನ್ನ ಅಮ್ಮ ಅಂತ."

ಆಚುಮ್ಮಳ ಹಿಂದಿದ್ದವರು ಎರಡು ಮೀನು ಬಿದ್ದದ್ದನ್ನು ಕಂಡಿದ್ದರು. ತಟ್ಟೆ ಚಾಚಿದರು. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಹಾಕದಿರುವ ವಿದ್ಯೆ ಅಪ್ಪಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ಕೊಸರು ಬಿತ್ತು. ಮೊಬೈಲು ಹಿಡಿದ ಹೆಂಗಸೊಬ್ಬಳು, "ಇದು ಆ ಬಂದರಿನ ಪುರಾತನ ಪದ್ಧತಿ, ಅಜ್ಜಿಯ ಆಶೀರ್ವಾದ" ಎಂದು ತನ್ನ ಸಾವಿರಾರು ಅನುಯಾಯಿಗಳಿಗೆ ವಿವರಿಸಿದಳು. ಚಪ್ಪಾಳೆ ಬಿತ್ತು. ತಿಂದು ಮುಗಿಸಿದವರೂ ಮತ್ತೆ ಸಾಲಿಗೆ ಬಂದು ನಿಂತರು. ಬಿಟ್ಟಿ ಆಶೀರ್ವಾದವನ್ನು ಬಿಡುವ ಜನವಲ್ಲ ಅದು.

ದೂರದಿಂದ ಧರ್ಮಪಾಲ ಖಾಲಿಯಾಗುತ್ತಿದ್ದ ಟ್ರೇ ನೋಡಿದ. ಅವನ ಬಾಯಿಯಿಂದ ಹೊರಟದ್ದು ಅಚ್ಚ ತುಳು.

"ಅಮ್ಮಾ! ನಿಲ್ಸು! ನಿನ್ನ ಬುಟ್ಟಿಯ ಬಂಗುಡೆಯಾ ಅದು, ಕಂಡವರಿಗೆಲ್ಲ ಕೊಸರು ಹಾಕ್ಲಿಕ್ಕೆ?"

ಜಾತಿಯನ್ನು ಅಷ್ಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡವನಿಗೆ ನಾಲ್ಕು ಮೀನಿನ ನಷ್ಟವನ್ನು ಇಟ್ಟುಕೊಳ್ಳಲಾಗಲಿಲ್ಲ.

ಅಲ್ಲಿದ್ದ ಅರ್ಧ ಜನರಿಗೆ ತುಳು ಬರುತ್ತಿತ್ತು. ಒಬ್ಬರಿಗೂ ಅರ್ಥವಾಗಲಿಲ್ಲ. ಅಧ್ಯಕ್ಷರು ಮೀನಿನ ಮುಳ್ಳನ್ನು ಆಳವಾಗಿ ಅಧ್ಯಯನ ಮಾಡತೊಡಗಿದರು. ಮಾಜಿ ಅಧ್ಯಕ್ಷರಿಗೆ ಬಾರದ ಫೋನು ಬಂತು. ಅವರವರ ಮನೆಯ ಮಹಡಿಯಲ್ಲಿಯೂ ಯಾರ್ಯಾರಿಗೋ ಮಂಡಿನೋವಿತ್ತು.

ಆಚುಮ್ಮಳಿಗೆ ಮಾತ್ರ ಅಂಥ ಕಷ್ಟವಿರಲಿಲ್ಲ. "ಎಂತ ಮಗಾ, ಹೆತ್ತ ತಾಯಿಗೆ ನಾಲ್ಕು ಜನರೆದುರು ಹೀಗಾ ಕಿರುಚೋದು?"

ಬ್ಯಾಂಕಿನವನು ಧರ್ಮಪಾಲನ ಕಡೆ ತಿರುಗಿ, ಏನಂತೆ ಎಂದು ಹುಬ್ಬಿನಲ್ಲೇ ಕೇಳಿದ. ಅಪ್ಪಿ ಇಕ್ಕುಳ ಕೆಳಗಿಟ್ಟು ಮಗನ ಮುಖ ನೋಡಿದಳು. ಅವಳು ಕೇಳಿದ್ದ ಒಂದೇ ಮಾತನ್ನು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ.

ಧರ್ಮಪಾಲ ನಕ್ಕ. "ಈ ಉಮ್ಮನಿಗೆ ಯಾರನ್ನೋ ಕಂಡು ಯಾರೋ ಅನ್ನಿಸಿದೆ. ನನ್ನ ತಾಯಿ ಊರಲ್ಲಿದ್ದಾರೆ. ಅವರು ಮೀನು ಮುಟ್ಟೋದಿಲ್ಲ." ಮೊದಲು ಕನ್ನಡದಲ್ಲಿ ಹೇಳಿದ, ಯಾರಿಗೂ ಅನುಮಾನ ಉಳಿಯಬಾರದೆಂದು ಇಂಗ್ಲಿಷಿನಲ್ಲೂ ಹೇಳಿದ.

ಅಪ್ಪಿ ಗ್ಲೌಸು ಕಳಚಿದಳು. ತಲೆಯ ಬಟ್ಟೆ ಬಿಚ್ಚಿದಳು. ಮಾಸ್ಕು ತೆಗೆದು ಕೆಂಡಕ್ಕೆ ಹಾಕಿದಳು. ಅದು ಮುದುಡಿ ಸಣ್ಣಗೆ ನಾರಿತು.

"ಇವರು ಹೇಳೋದು ಸರಿ ಆಚುಮ್ಮ" ಎಂದಳು ತುಳುವಿನಲ್ಲಿ, ಗೇಟಿನ ಹೊರಗಿಂದ ಕೂಗಿ ಅಭ್ಯಾಸವಿದ್ದ ಗಂಟಲಿನಲ್ಲಿ. "ಇವರ ತಾಯಿ ಬೇರೆ ಯಾರೋ. ದೊಡ್ಡ ಮನೆಯವರಿರ್ಬೇಕು, ಪಾಪ."

ಹೆತ್ತ ಮಗನನ್ನು ಅವಳು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಆಮೇಲೆ ಆಚುಮ್ಮಳ ಕೈ ಹಿಡಿದು, ಆ ನೀಲಿ ಅಂಗಿಯಲ್ಲೇ ಹೊರಗೆ ನಡೆದಳು.

ಮರುದಿನ ಆ ಕೊಸರಿನ ವಿಡಿಯೋ ಊರೆಲ್ಲ ಓಡಾಡಿತು. ಟೇಬಲ್ ಬುಕ್ ಮಾಡುವವರೆಲ್ಲ ಕೇಳಿದ್ದು ಒಂದೇ: ಅಜ್ಜಿ ಇರ್ತಾರಲ್ಲ? ಆಲ್ವಿನ್, "ಸರ್, ಏನಾದ್ರೂ ಮಾಡಿ, ಅಜ್ಜಿ ಬೇಕು" ಎಂದು ತಲೆ ತಿಂದ. ಮಧ್ಯಾಹ್ನದ ಹೊತ್ತಿಗೆ ಧರ್ಮಪಾಲ ಅಬ್ದುಲ್ ಸಲಾಂನ ಫ್ಲ್ಯಾಟಿನ ಬಾಗಿಲಲ್ಲಿ ನಿಂತಿದ್ದ.

ಆಚುಮ್ಮ ಬಾಗಿಲು ತೆರೆದು ಅಲ್ಲೇ ಪಕ್ಕಕ್ಕೆ ನಿಂತಳು. ಎದುರಿಗೇ ಅಡುಗೆಮನೆ. ನೆಲದ ಮೇಲೆ ಪೇಪರು ಹಾಸಿ ಅಪ್ಪಿ ಬಂಗುಡೆ ಕ್ಲೀನು ಮಾಡುತ್ತ ಕೂತಿದ್ದಳು. ಕಿಟಕಿಗಳೆಲ್ಲ ತೆರೆದಿದ್ದವು.

"ಅಮ್ಮಾ, ಜನ ಕೇಳ್ತಿದ್ದಾರೆ."

"ಯಾರನ್ನು?"

"ನಿನ್ನನ್ನು. ಅಂದ್ರೆ, ಆ ಅಜ್ಜಿಯನ್ನು."

"ಬರ್ತೇನೆ. ಮುಖ ಮುಚ್ಚದೆ ಬರ್ತೇನೆ. ಒಲೆ ಹತ್ರ ನಿಂತು, ಇವಳು ನನ್ನ ಅಮ್ಮ, ಕಾಪುವಿನಲ್ಲಿ ಮೀನು ಮಾರ್ತಿದ್ಲು ಅಂತ ನೀನು ಹೇಳು. ಸಂಬಳ ಬೇಡ, ಊಟ ಬೇಡ. ಕೈ ಆಡುವಷ್ಟು ದಿನ ಸುಟ್ಟು ಕೊಡ್ತೇನೆ."

ಧರ್ಮಪಾಲ ಯೋಚಿಸಿದ. ಸತ್ವಾದ ಗಲ್ಲಾ ಕಣ್ಣ ಮುಂದೆ ಬಂತು. "ಭಟ್ರೇ" ಎಂದು ಕರೆಯುವ ಬಾಯಿಗಳು ಬಂದವು. ಒಂದು ಕ್ಷಣ, ಮೀನಿನ ರಕ್ತ ಮೆತ್ತಿದ ಆ ಬೆರಳುಗಳನ್ನೂ ನೋಡಿದ. ನೋಡಿ, ಅವನಿಗೆ ಯಾವುದು ಅಗ್ಗವೆಂದು ಕಂಡಿತೋ ಅದನ್ನೇ ಹೇಳಿದ.

"ಅದೆಲ್ಲ ಯಾಕಮ್ಮ? ಸಂಬಳವೇ ಕೊಡ್ತೇನೆ. ಎಷ್ಟು ಬೇಕು, ಹೇಳು."

ಅಪ್ಪಿ ಮೀನಿನ ಕಿವಿರು ಕಿತ್ತು ಪೇಪರಿನ ಮೂಲೆಗೆ ಹಾಕಿದಳು. ತಲೆ ಎತ್ತಲಿಲ್ಲ.

"ಆಚುಮ್ಮಾ, ಬಾಗಿಲು ಹಾಕು ಮಾರಾಯ್ತಿ. ಮೀನು ಉಂಟು, ಬೆಕ್ಕು ಬರ್ತದೆ."