ಕಳೆದುಹೋದ ಚೆಕ್ ಪುಸ್ತಕ

ನ್ಯಾಯಾಧೀಶರು ‘ಆರೋಪಿ ಖುಲಾಸೆ’ ಎಂದು ಓದಿದಾಗ ಟೈಲರಕ್ಕನ ಕಣ್ಣು ಒದ್ದೆಯಾಗಲಿಲ್ಲ. ಕಣ್ಣೊರೆಸಿಕೊಂಡವನು ಅವಳ ಮೈದುನ.

“ಎರಡು ವರ್ಷ ಅಲೆದದ್ದೆಲ್ಲ ನೀರುಪಾಲಾಯ್ತಲ್ಲ ಅತ್ತಿಗೆ. ಇನ್ನು ಬಿಟ್ಟುಬಿಡಿ.”

“ಬಿಡೋಕೆ ನಾನೇನು ಭಿಕ್ಷೆ ಕೇಳಿದ್ನಾ? ಹೊಲಿದು ಕೊಟ್ಟಿದ್ದೀನಿ. ಮೇಲಿನ ಕೋರ್ಟಿಗೆ ಹೋಗೋಣ.”

ಹೊಲಿದದ್ದು ಒಂದು ಸಭಾಂಗಣದ ಪರದೆಗಳನ್ನು. ನಲವತ್ತೆರಡು ಕಿಟಕಿ, ವೇದಿಕೆಗೆ ಬೇರೆ, ದಪ್ಪ ಮಖಮಲ್ಲು. ಮಾಲೀಕ ಮೆಚ್ಚಿಕೊಂಡು ಏಪ್ರಿಲ್‌ನಲ್ಲಿ ಚೆಕ್ ಬರೆದುಕೊಟ್ಟ. ಖಾತೆಯಲ್ಲಿ ಹಣವಿಲ್ಲವೆಂದು ಬ್ಯಾಂಕು ಅದನ್ನು ವಾಪಸು ಕಳಿಸಿತು. ಟೈಲರಕ್ಕನ ವಕೀಲೆ ಕಳಿಸಿದ ನೋಟಿಸಿಗೆ ಅವನು ಉತ್ತರ ಬರೆಯಲಿಲ್ಲ. ಕೋರ್ಟಿನಲ್ಲಿ ಮಾತ್ರ, “ಸಹಿ ನನ್ನದೇ. ಆದರೆ ಸಹಿ ಹಾಕಿಟ್ಟಿದ್ದ ಆ ಚೆಕ್ ಪುಸ್ತಕ ಮಾರ್ಚ್‌ನಲ್ಲೇ ಕಳೆದುಹೋಗಿತ್ತು. ಈಕೆಯ ಜೊತೆ ನನಗೆ ವ್ಯವಹಾರವೇ ಇಲ್ಲ” ಎಂದ. ಬರಹದ ಕರಾರು ಇರಲಿಲ್ಲ. ಅನುಮಾನದ ಲಾಭ ಅವನಿಗೆ ದಕ್ಕಿತು.

ಮೇಲ್ಮನವಿ ಬರೆಯುವ ದಿನ ಟೈಲರಕ್ಕ ವಕೀಲೆಯ ಕಚೇರಿಯಲ್ಲಿ ಕಡತ ಬಿಚ್ಚಿಸಿಕೊಂಡು ಕೂತಳು. ವ್ಯವಹಾರವಿಲ್ಲವೆಂದು ತೋರಿಸಲು ಮಾಲೀಕನೇ ಹಾಜರುಪಡಿಸಿದ್ದ ಬ್ಯಾಂಕ್ ಖಾತೆಯ ವಿವರ ಅದರಲ್ಲಿತ್ತು. ಸಾಲಿನಿಂದ ಸಾಲಿಗೆ ಬೆರಳು ಜಾರಿಸುತ್ತಿದ್ದವಳು ಒಂದು ಕಡೆ ನಿಂತಳು.

“ಮೇಡಂ, ನನ್ನ ಚೆಕ್ಕಿನ ನಂಬರು ಮೂವತ್ತೊಂದಕ್ಕೆ ಮುಗಿಯುತ್ತೆ. ಇಲ್ಲಿ ಅದೇ ಪುಸ್ತಕದ ಮುಂದಿನ ಎಲೆಗಳು, ಮೂವತ್ತೆರಡು, ಮೂವತ್ತಮೂರು, ಮೇ ತಿಂಗಳಲ್ಲಿ ಕರೆಂಟ್ ಕಂಪನಿ ಹೆಸರಿಗೆ ಪಾಸಾಗಿವೆ. ಕಳೆದುಹೋದ ಪುಸ್ತಕ ತಾನೇ ಎದ್ದು ಹೋಗಿ ಕರೆಂಟ್ ಬಿಲ್ ಕಟ್ಟಿತಾ?”

ವಕೀಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, ನಕ್ಕುಬಿಟ್ಟರು. “ಇಷ್ಟು ದಿನ ನನ್ನ ಕಣ್ಣಿಗೇ ಬೀಳಲಿಲ್ಲವಲ್ಲ!”

“ನೂರು ಕೇಸಿನ ಮಧ್ಯೆ ಹೇಗೆ ಬೀಳುತ್ತೆ? ನನಗಿರೋದು ಇದೊಂದೇ.”

ವಿಚಾರಣೆಯ ದಿನ ಮೇಲಿನ ಕೋರ್ಟಿನ ನ್ಯಾಯಾಧೀಶರು ಅದೇ ಹಾಳೆಯನ್ನು ಎತ್ತಿ ಹಿಡಿದು, “ಕಳೆದುಹೋದ ಪುಸ್ತಕದಿಂದ ನಿಮ್ಮ ಕಕ್ಷಿದಾರರು ಬಿಲ್ ಕಟ್ಟಿದ್ದು ಹೇಗೆ?” ಎಂದು ಕೇಳಿದರು. ಎದುರು ವಕೀಲರು ಕಾಗದ ತಿರುವಿದರು, ಮತ್ತೆ ತಿರುವಿದರು.

ಎರಡು ವಾರದ ಮೇಲೆ ತೀರ್ಪು ಬಂತು. ಸಹಿ ಒಪ್ಪಿಕೊಂಡ ಮೇಲೆ ಚೆಕ್ಕು ಬಾಕಿಗಾಗಿಯೇ ಕೊಟ್ಟದ್ದೆಂದು ಕಾನೂನು ನಂಬುತ್ತದೆ. ಅಲ್ಲವೆಂದು ತೋರಿಸಬೇಕಾದವನು ಮಾಲೀಕ. ಅವನ ಕಥೆಯನ್ನು ಅವನ ದಾಖಲೆಯೇ ಸುಳ್ಳು ಮಾಡಿದೆ. ಖುಲಾಸೆ ರದ್ದು. ಎರಡು ತಿಂಗಳೊಳಗೆ ಚೆಕ್ಕಿನ ಎರಡರಷ್ಟು ಹಣ ಕಟ್ಟಬೇಕು, ತಪ್ಪಿದರೆ ಜೈಲು.

ಹೊರಗೆ ಮೆಟ್ಟಿಲ ಬಳಿ ಮಾಲೀಕ ಎದುರಾದ. “ಮೊದಲೇ ಮಾತಾಡಿ ಮುಗಿಸಬಹುದಿತ್ತಲ್ಲ ಅಕ್ಕಾ.”

“ಎಂಟು ಸಲ ಫೋನ್ ಮಾಡಿದ್ದೆ ಅಣ್ಣಾ, ನೀವೇ ಎತ್ತಲಿಲ್ಲ” ಎಂದಳು ಟೈಲರಕ್ಕ, ಸ್ವಲ್ಪವೂ ದನಿ ಏರಿಸದೆ. ಮೈದುನ ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿ ನಿಂತ.