ಎಂಟು ಗಂಟೆಗೆ ಮೊದಲು

ಜೆಯರಾಜ್ ಕಳಿಸಿದ ಕೊನೆಯ ಸಂದೇಶ ಒಂಬತ್ತು ಜನರ ಫೋನಿನಲ್ಲೂ ಇತ್ತು; ಒಬ್ಬರಿಗೂ ಅದನ್ನು ಕೇಳಲು ಆಗಿರಲಿಲ್ಲ. ಬೂದು ಬಣ್ಣದ ಒಂದು ಪಟ್ಟಿ, ಮೇಲೆ ಅವನ ಹೆಸರು, ಕೆಳಗೆ ತಮಿಳಿನಲ್ಲಿ ಒಂದು ಸಾಲು: ಈ ಧ್ವನಿಯನ್ನು ತೆರೆಯಲಾಗದು. ಬೋಡಿಮೆಟ್ಟಿನ ಘಾಟಿಯ ತಿರುವಿನಲ್ಲಿ ಜೀಪು ಉರುಳಿ ಅವನು ಸತ್ತು ಇಪ್ಪತ್ತಾರು ದಿನಗಳಾಗಿದ್ದವು. ಮೂವತ್ತು ತುಂಬಿದರೆ ಆ ಆ್ಯಪಿನಲ್ಲಿ ಎಲ್ಲವೂ ತಾನಾಗಿ ಅಳಿಸಿಹೋಗುತ್ತದೆ. ಅದಕ್ಕೇ ಅವನ ಹೆಂಡತಿ ಮುತ್ತುಸೆಲ್ವಿ, ಅತ್ತೆಯನ್ನು ಕರೆದುಕೊಂಡು ಬೋಡಿಯಿಂದ ದಿಂಡಿಗಲ್ಲಿನ ಬಸ್ಸು ಹತ್ತಿದ್ದಳು. ಆ್ಯಪನ್ನು ಅಳವಡಿಸಿಕೊಟ್ಟವರ ಕಚೇರಿ ಅಲ್ಲಿತ್ತು.

"ಒಂದೇ ತಡವ, ಒಂದೇ ಸಲ ಕೇಳ್ಬುಟ್ರ ಸಾಕು ಕಣ್ಣು," ಅಂದಳು ಅತ್ತೆ ಪಿಚ್ಚೈಯಮ್ಮಾಳ್; ಸೊಸೆಯನ್ನು ಮುದ್ದಿನಿಂದ ಕಣ್ಣು ಎಂದೇ ಕರೆಯುತ್ತಿದ್ದಳು. "ಅಮ್ಮಾ ಅಂದನೋ ಇಲ್ವೋ, ಅಷ್ಟೇ. ನನ್ನ ಬುಟ್ಟು ನಿನ್ನೇ ಕೂಗಿರ್ತಾನ, ಕಳ್ಳ."

ಮುತ್ತುಸೆಲ್ವಿ ಕಿಟಕಿಯ ಕಡೆ ತಿರುಗಿಕೊಂಡಳು.

ಗಂಡ ಹೆಂಡತಿ ಇಬ್ಬರೂ ಮನೋಜ್‌ಕುಮಾರನ ಏಲಕ್ಕಿ ಮಂಡಿಯಲ್ಲಿ ಕೆಲಸಕ್ಕಿದ್ದವರು. ಜೆಯರಾಜ್ ಬೆಟ್ಟದ ತೋಟಗಳಿಂದ ಮಾದರಿ ಕಾಯಿ ತರುತ್ತಿದ್ದ. ಮುತ್ತುಸೆಲ್ವಿ ಕಚೇರಿಯಲ್ಲಿ ಕೂತು ಮಂಡಿಯವರ ಫೋನಿನ ಗುಂಪನ್ನು ನಡೆಸುತ್ತಿದ್ದಳು. ಹೋದ ವರ್ಷ ಹರಾಜಿಗೆ ಮೊದಲೇ ಇವರ ದರ ಹೊರಗೆ ಸೋರಿತ್ತು. ಮನೋಜ್‌ಕುಮಾರ್ ಹಳೆಯ ಗುಂಪನ್ನು ಮುಚ್ಚಿ, ಬೀಗದ ಆ್ಯಪು ತರಿಸಿದ. ಒಬ್ಬರ ಫೋನಿನಿಂದ ಹೊರಟ ಮಾತು ಇನ್ನೊಬ್ಬರ ಫೋನಿನಲ್ಲಿ ಮಾತ್ರ ತೆರೆದುಕೊಳ್ಳಬೇಕು. ನಡುವೆ ಆ್ಯಪು ಮಾಡಿದವರಿಗೂ ಕೇಳಬಾರದು. ಅದರ ಮೇಲೆ ಅವನದೇ ಒಂದು ಕಟ್ಟಳೆ. ದಿನಾ ಸಂಜೆ ಆರರಿಂದ ಎಂಟರೊಳಗೆ ಎಲ್ಲರೂ ಮನೆಮಾತಿನಲ್ಲಿ, ಅಂದರೆ ಕನ್ನಡದಲ್ಲಿ, ಎರಡು ಮಾತು ಆಡಿ ಕಳಿಸಬೇಕು. ಫೋನು ಕದ್ದವನು ತಮಿಳು ಬರೆದಾನು, ಮಲಯಾಳವನ್ನೂ ಬರೆದಾನು. ನಮ್ಮ ಮನೆಯ ಕನ್ನಡವನ್ನು ಎಲ್ಲಿಂದ ತಂದಾನು? ಎಂಟರೊಳಗೆ ದನಿ ಬಾರದಿದ್ದರೆ ಫೋನು ಬೇರೆಯವರ ಕೈಸೇರಿದೆಯೆಂದೇ ಲೆಕ್ಕ, ಹೆಸರು ತೆಗೆಯಬೇಕು. ತೆಗೆಯುವವಳು ಮುತ್ತುಸೆಲ್ವಿ. ಗುಂಪಿನಲ್ಲಿ ಕನ್ನಡ ಸರಿಯಾಗಿ ಬಾರದ ಸೇಕರ್ ಎಂಬವನು ದಿನಾ ತೊದಲುತ್ತಿದ್ದ, ಗುಂಪು ದಿನಾ ನಗುತ್ತಿತ್ತು.

ಆ ದಿನ ಮಧ್ಯಾಹ್ನ ಜೆಯರಾಜ್ ಬೆಟ್ಟ ಹತ್ತುವ ಮುನ್ನ ಗುಂಪಿಗೆ ಹೇಳಿದ್ದ: "ಈ ಯಮ್ಮ ಆಪೀಸ್ನಾಗ ಪೋನಿಗೆ ಬೀಗ ಆಕ್ತಾಳ, ಮನೇಲಿ ನನ್ನ ಬಾಯಿಗ ಆಕ್ತಾಳ. ಬೀಗದ ಸಾವಿ ಎಲ್ಲಿಟ್ಟವ್ಳೋ ಯಾರಾರ ನೋಡಿದ್ರ ಯೋಳ್ರಪ್ಪಾ." ಎಂಟು ನಗುಮುಖಗಳು ಸಾಲಾಗಿ ಬಂದವು, ಮನೋಜ್‌ಕುಮಾರನದೂ ಸೇರಿ. ಮುತ್ತುಸೆಲ್ವಿಗೆ ಮೈಯೆಲ್ಲ ಉರಿಯಿತು. ಸಂಜೆ ಅವನ ದನಿ ಬರಲಿಲ್ಲ. ಬೇಕೆಂದೇ ಸುಮ್ಮನಿದ್ದಾನೆ, ತನ್ನನ್ನು ಕಾಯಿಸಿ ಆಟ ನೋಡುತ್ತಿದ್ದಾನೆ ಅಂದುಕೊಂಡಳು. ಗಡಿಯಾರ ನೋಡಿದಳು: ಏಳು ಐವತ್ತೆರಡು. ಅವನ ಹೆಸರನ್ನು ತೆಗೆದಳು.

ಎಲ್ಲರಿಗೂ ಎಂಟು ಐದಕ್ಕೆ ತೆಗೆದೆ ಎಂದಿದ್ದಳು. ಯಾರೂ ತಪ್ಪು ಹೇಳಲಿಲ್ಲ. ಯಾರು ಯಾವಾಗ ಗುಂಪು ಬಿಟ್ಟರೆಂದು ಆ ಆ್ಯಪು ತೋರಿಸುತ್ತಿರಲಿಲ್ಲ. ತೆರೆಯದ ಧ್ವನಿ ಯಾವಾಗ ಬಂತೆಂದೂ ಫೋನಿನಲ್ಲಿ ಕಾಣುತ್ತಿರಲಿಲ್ಲ. ಬರುವಾಗ ಅದು ಸದ್ದನ್ನೂ ಮಾಡಿರಲಿಲ್ಲ; ಮಾರನೆಯ ದಿನವೇ ಎಲ್ಲರೂ ಅದನ್ನು ಕಂಡದ್ದು. ಅಷ್ಟರಲ್ಲಿ ಏಲಕ್ಕಿ ಬಿಡಿಸಲು ಹೋದ ಹೆಂಗಸರು ಕಂದಕದಲ್ಲಿ ಜೀಪನ್ನು ನೋಡಿದ್ದರು. ಅವನ ಫೋನು ಹಳ್ಳದ ನೀರಿನಲ್ಲಿ ಮುಳುಗಿತ್ತು. ಜೀಪು ಕತ್ತಲಾಗುವ ಮೊದಲೇ ಉರುಳಿರಬೇಕು, ಬೆಳಗಿನ ಜಾವದವರೆಗೂ ಜೀವ ಇದ್ದಿರಬೇಕೆಂದು ಡಾಕ್ಟರು ಹೇಳಿದರು. ಧ್ವನಿ ಒಂಬತ್ತಕ್ಕೆ ಬಂದಿರಬೇಕು, ಇಲ್ಲವೇ ಹತ್ತಕ್ಕೆ, ಹಾಗಾದರೆ ನನ್ನ ಎಂಟು ನಿಮಿಷದಿಂದ ಏನೂ ಆಗಿಲ್ಲ: ಇಪ್ಪತ್ತಾರು ದಿನ ಮುತ್ತುಸೆಲ್ವಿ ಇದನ್ನೇ ಹೇಳಿಕೊಂಡು ಉಂಡಿದ್ದಳು, ಮಲಗಿದ್ದಳು.

ದಿಂಡಿಗಲ್ಲಿನ ಕಚೇರಿ ಒಂದು ಬೀಗದ ಅಂಗಡಿಯ ಮಹಡಿಯಲ್ಲಿತ್ತು. ಅಲ್ಲಿದ್ದ ಕಾರ್ತಿಕಾ ಎಂಬ ಹುಡುಗಿಯ ಮನೆಯಲ್ಲೂ ಕನ್ನಡವೇ. ಅವಳಿಗೆ ಅರ್ಥವಾಗುತ್ತಿತ್ತು, ಆಡಲು ನಾಚಿಕೆ. ತಮಿಳಿನಲ್ಲೇ ಮೆಲ್ಲಗೆ ವಿವರಿಸಿದಳು. ಒಬ್ಬರನ್ನು ತೆಗೆದ ಕ್ಷಣ ಉಳಿದವರ ಫೋನುಗಳು ಹೊಸ ಕೀಲಿ ಮಾಡಿಕೊಂಡು ಹಳೆಯದನ್ನು ನಾಶ ಮಾಡುತ್ತವೆ. ಬೆಟ್ಟದಲ್ಲಿ ಸಿಗ್ನಲ್ ಬಂದು ಬಂದು ಹೋಗುತ್ತಿದ್ದುದರಿಂದ ಆ ಸುದ್ದಿ ಅಣ್ಣನ ಫೋನಿಗೆ ತಲುಪಿಲ್ಲ. ಅವರು ಹಳೆಯ ಕೀಲಿಯಿಂದಲೇ ಬೀಗ ಹಾಕಿ ಮಾತಾಡಿದ್ದಾರೆ, ಸಿಗ್ನಲ್ ಸಿಕ್ಕ ಒಂದು ಕ್ಷಣದಲ್ಲಿ ಅದು ಹೊರಟುಬಂದಿದೆ. ಆ ಕೀಲಿ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ.

"ನಿಮ್ಮತ್ರ ಒಂದು ಇರ್ಬೇಕಲ್ಲಮ್ಮ," ಅಂದಳು ಪಿಚ್ಚೈಯಮ್ಮಾಳ್. "ಮಾಡ್ದವ್ರು ನೀವು."

ಕಾರ್ತಿಕಾ ಇಲ್ಲವೆಂದು ತಲೆಯಾಡಿಸಿದಳು.

"ನಾಲ್ಕು ದಿನದಾಗ ಅಳ್ಸೋಗ್ತದಂತೆ. ಅದ್ನಾರ ನಿಲ್ಲುಸ್ತೀರಾ?"

ಅದೂ ಆಗುತ್ತಿರಲಿಲ್ಲ. ಮುದುಕಿಯ ಮುಖ ನೋಡಿ ಕಾರ್ತಿಕಾಳ ಕಣ್ಣು ತುಂಬಿತು. ಬರಿಗೈಲಿ ಕಳಿಸಬಾರದೆಂದು ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿದಳು. ಸಿಕ್ಕಿತು. ಮುದುಕಿಗೆ ಮಗನ ವಿಷಯ ಮನೆಮಾತಿನಲ್ಲೇ ಹೇಳೋಣವೆಂದು, ತಡವರಿಸುತ್ತ ಕನ್ನಡದಲ್ಲಿ ಶುರುಮಾಡಿದಳು.

"ಏನ್ ಯೋಳುದ್ರು ನಮುಗ ತಿಳೀದು ಅವ್ವಾ. ಎಷ್ಟೊತ್ಗ ಅಂತ ಮಾತ್ರ ಇಲ್ಲಿ ಅದ. ಅಣ್ಣನ್ನ ತೆಗ್ದದ್ದು ಏಳು ಐವತ್ತೆರಡು. ಅಣ್ಣ ಮಾತಾಡಿದ್ದು ಏಳು ಐವತ್ತೇಳು. ತೆಗ್ಯೋದು ಇನ್ನು ಐದು ನಿಮಿಷ ತಡ ಆಗಿದ್ರ…" ಮುತ್ತುಸೆಲ್ವಿಯ ಮುಖ ಕಂಡು ಅವಳು ಅಲ್ಲಿಗೇ ನಿಲ್ಲಿಸಿದಳು.

ವಾಪಸು ಬರುವಾಗ ಪಿಚ್ಚೈಯಮ್ಮಾಳ್ ತೇನಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಕಂಬಕ್ಕೆ ಒರಗಿ ನಿಂತು ಕೇಳಿದಳು.

"ಎಂಟು ಮಣಿ ಐದು ನಿಮಿಷ ಅಂದೆ ನೀನು."

"ಅಂದೆ ಅತ್ತೆ."

"ಯಾಕ?"

ಗಡಿಯಾರ ತಪ್ಪಿತ್ತು ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಅವ್ರ ಮ್ಯಾಲ ಕೋಪ ಅತ್ತೆ. ಎಲ್ಲಾರೂ ನಕ್ಕುಬುಟ್ರು. ತಿರ್ಗಾ ಸೇರ್ಸು ಅಂತ ಎಲ್ಲಾರ ಮುಂದ ಕೇಳ್ಕಳ್ಳಿ ಅಂತ…"

"ನಕ್ಕದ್ದಕ್ಕಾ?"

"ಊಂ."

"ನೀನು ತೆಗ್ಯುವಾಗ ಅವ ಅಲ್ಲಿ ಬಿದ್ದಿದ್ನಾ?"

"ಬಿದ್ದಿದ್ರು."

"ಉಸುರೋಡ. ಜೀವ ಇಟ್ಕಂಡು."

"ಉಸುರೋಡ ಅತ್ತೆ."

ಬೈಯಲಿ, ಹೊಡೆಯಲಿ ಎಂದು ಮುತ್ತುಸೆಲ್ವಿ ಕಾದಳು. ಪಿಚ್ಚೈಯಮ್ಮಾಳ್ ಸೆರಗು ಸರಿಮಾಡಿಕೊಂಡು, ಬೋಡಿಯ ಬಸ್ಸನ್ನು ದಾಟಿ ಚಿನ್ನಮನೂರಿನ ಬಸ್ಸಿನ ಕಡೆ ನಡೆದಳು. ಮಗಳು ತಂಗಮ್ಮಾಳ್ ಇದ್ದದ್ದು ಆ ದಾರಿಯ ಮಾರ್ಕಯನ್‌ಕೋಟ್ಟೈನಲ್ಲಿ. ಮುತ್ತುಸೆಲ್ವಿ ಹಿಂದೆ ಓಡಿದಳು.

"ಯಾವಾಗ ಬತ್ತೀರ ಅತ್ತೆ?"

"ಗೊತ್ತಿಲ್ಲ ಕಣ್ಣು," ಅಂದಳು ಪಿಚ್ಚೈಯಮ್ಮಾಳ್. ನಿಜಕ್ಕೂ ಯೋಚಿಸಿಯೇ ಹೇಳಿದಳು. ಹತ್ತಿ ಕಿಟಕಿಯ ಪಕ್ಕ ಕೂತಳು.

ಮುತ್ತುಸೆಲ್ವಿ ಫೋನು ತೆಗೆದು, ಬೂದು ಪಟ್ಟಿ ಕಾಣುವಂತೆ ತೆರೆದು, ಕಿಟಕಿಯೊಳಗೆ ಕೈ ಚಾಚಿದಳು. "ಇನ್ನೂ ನಾಲ್ಕು ದಿನ ಇರ್ತದ ಅತ್ತೆ. ನೀವು ಇಟ್ಕಳ್ಳಿ."

ಪಿಚ್ಚೈಯಮ್ಮಾಳ್ ಅವಳನ್ನು ನೋಡದೆ ಫೋನನ್ನು ಮಾತ್ರ ತೆಗೆದುಕೊಂಡಳು. ಸೆರಗಿನ ತುದಿಯಲ್ಲಿ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕಿಟಕಿಯ ಗಾಜನ್ನು ಎಳೆದುಕೊಂಡಳು.