ಅಳಿಸಬೇಕಾದ ಹಳದಿ ವೃತ್ತಗಳು

ಊರಿನ ರಸ್ತೆಗಳ ಮೇಲೆ ಹಳದಿ ವೃತ್ತಗಳನ್ನು ಬಳಿದವನು ಅವನೇ. ಕಾಯಿಲೆ ಜೋರಾಗಿದ್ದು ಜನವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲದಲ್ಲಿ, ಅಂಗಡಿ, ಬ್ಯಾಂಕು, ಅಂಚೆ ಕಚೇರಿ, ಬಸ್ ನಿಲ್ದಾಣ ಎಂದು ಎಲ್ಲೆಲ್ಲಿ ಸರತಿ ನಿಲ್ಲುತ್ತಿತ್ತೋ ಅಲ್ಲೆಲ್ಲ ಮಂಡಿಯೂರಿ ಕೂತು, ಒಬ್ಬೊಬ್ಬರಿಗೆ ಒಂದೊಂದರಂತೆ ವೃತ್ತ ಎಳೆದಿದ್ದ. ಬೀದಿಯವರಿಗೆಲ್ಲ ಅವನು ಪೇಂಟರಣ್ಣ.

ಈಗ ಬಹುಪಾಲು ಜನ ಎರಡೂ ಲಸಿಕೆ ಹಾಕಿಸಿಕೊಂಡಾಗಿತ್ತು. ನಿರ್ಬಂಧಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು. ನಗರಸಭೆಯ ಮೇಡಂ ಅವನನ್ನು ಕರೆಸಿ, ಬಳಿದವರೇ ಅಳಿಸಿಬಿಡಿ ಎಂದರು.

ಬೆಳಗ್ಗೆ ಹೆಂಡತಿಗೆ ಆ ಸುದ್ದಿ ಹೇಳಿದಾಗ ಅವಳು ಊಟದ ಡಬ್ಬಿ ಮುಚ್ಚುತ್ತಿದ್ದಳು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅವಳ ಕೆಲಸ. ದಿನವೂ ಬಸ್ಸು ಹಿಡಿದು ಹೋಗಬೇಕು.

"ನಮ್ಮ ಬಸ್ ಸ್ಟಾಪಿಂದೂ ಅಳಿಸ್ತೀರಾ?" ಎಂದು ಕೇಳಿದಳು.

ಅದನ್ನು ಕೊನೆಗೆ ಎಂದ. ಅವಳು ಹೂಂ ಎಂದು ಚಪ್ಪಲಿ ಮೆಟ್ಟಿ ಹೊರಟಳು. ಪೇಂಟರಣ್ಣನಿಗೆ ಇದು ಸೋಜಿಗವೆನಿಸಿತು. ನಿರ್ಬಂಧಗಳೆಂದರೆ ಅವಳಿಗೆ ಮೈಯೆಲ್ಲ ಉರಿ. ಮಾಸ್ಕಿಗೆ ಶಾಪ ಹಾಕಿಕೊಂಡೇ ಅದನ್ನು ಕಟ್ಟಿಕೊಂಡವಳು, ಬೇಕಿಲ್ಲ ಎಂದ ದಿನವೇ ಬೀದಿಗೆಲ್ಲ ಮೊದಲಾಗಿ ಕಿತ್ತೆಸೆದವಳು. ಕುಣಿದಾಡಬೇಕಾದವಳು ಹೂಂ ಎಂದುಬಿಟ್ಟಳಲ್ಲ.

ಮೊದಲು ದಿನಸಿ ಅಂಗಡಿ. ಅಂಗಡಿಯವನು ಬಣ್ಣ ಕರಗಿಸುವ ಥಿನ್ನರ್ ಡಬ್ಬಿ ಕಂಡದ್ದೇ ಚಹಾ ತರಿಸಿದ. ಗಿರಾಕಿಗಳನ್ನು ಬಿಸಿಲಲ್ಲಿ ನಿಲ್ಲಿಸಿ ನಿಲ್ಲಿಸಿ ಸಾಕಾಗಿತ್ತಂತೆ ಅವನಿಗೆ. ಅಲ್ಲಿದ್ದ ಯಜಮಾನರೊಬ್ಬರು ಜೇಬು ತಟ್ಟಿ ಲಸಿಕೆಯ ಸರ್ಟಿಫಿಕೇಟ್ ಇಲ್ಲೇ ಇದೆ ಎಂದರು. ಹೇಳಿದ ಮಾತು ಕೇಳಿದ್ದೇವೆ, ತೋಳು ಒಡ್ಡಿದ್ದೇವೆ, ಇನ್ನೂ ಗೆರೆಯೊಳಗೆ ನಿಲ್ಲು ಅಂದರೆ ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಪೇಂಟರಣ್ಣ ಅವರ ಮಾತಿಗೆ ತಲೆಯಾಡಿಸುತ್ತಲೇ ತಂತಿ ಬ್ರಷ್ಷಿನಿಂದ ಉಜ್ಜಿದ.

ಪಕ್ಕದ ಔಷಧಿ ಅಂಗಡಿಯಾಕೆ ಮಾತ್ರ ಅಡ್ಡ ಬಂದಳು. ತನ್ನ ಬಾಗಿಲಲ್ಲಿರುವುದನ್ನು ಮುಟ್ಟಕೂಡದು ಎಂದಳು. ಮೊದಲೆಲ್ಲ ಒಬ್ಬ ಮೂಲವ್ಯಾಧಿಗೆ ಮುಲಾಮು ಕೇಳಿದರೆ ಹೆಗಲ ಮೇಲಿಂದ ಇಣುಕಿದ ನಾಲ್ವರು ನಾಲ್ಕು ಮದ್ದು ಹೇಳುತ್ತಿದ್ದರಂತೆ. ಈಗ ಜನ ಮೆಲ್ಲಗೆ, ಸಂಕೋಚವಿಲ್ಲದೆ ಕೇಳುತ್ತಾರೆ. ಪೇಂಟರಣ್ಣನಿಗೆ ನಗು ತಡೆಯಲಾಗಲಿಲ್ಲ. ಆದರೆ ಅಂದಿನಿಂದ ಅವನಿಗೊಂದು ಚಾಳಿ ಹತ್ತಿತು: ಬ್ರಷ್ ಹಿಡಿದು ಕೂತಲ್ಲೆಲ್ಲ, ಹತ್ತಿರ ನಿಂತವರನ್ನು "ಇರಲೋ, ಅಳಿಸಲೋ?" ಎಂದು ಕೇಳುವುದು. ಅಳಿಸು ಎಂದವರೇ ಹೆಚ್ಚು. ಇರಲಿ ಎಂದವರಲ್ಲಿ ಕೆಲವರಿಗೆ ಕಾಯಿಲೆಯ ಭಯ ಇನ್ನೂ ಬಿಟ್ಟಿರಲಿಲ್ಲ. ಉಳಿದವರು ಕಾಯಿಲೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅವರ ಕಾರಣಗಳೇ ಬೇರೆ, ಮತ್ತು ಅವನ್ನು ಬಾಯಿಬಿಡಿಸುವುದು ಸುಲಭವಾಗಿರಲಿಲ್ಲ.

ಅಂಚೆ ಕಚೇರಿಯ ಮುಂದೆ ಪಾರ್ಸೆಲ್ ಅವುಚಿಕೊಂಡು ನಿಂತಿದ್ದ ಹುಡುಗಿಯೊಬ್ಬಳನ್ನೂ ಕೇಳಿದ. ಅವಳು ದನಿ ತಗ್ಗಿಸಿ ಹೇಳಿದಳು:

"ಇದು ಬಂದ್ಮೇಲೆ ನನ್ನ ಬೆನ್ನಿಗೆ ಯಾರೂ ಬಂದು ಅಂಟಿಕೊಂಡಿಲ್ಲ ಅಂಕಲ್. ಹಿಂದೆ ಯಾರಿದಾರೆ ಅಂತ ತಿರುಗಿ ತಿರುಗಿ ನೋಡ್ದೆ ಕ್ಯೂನಲ್ಲಿ ನಿಂತಿದ್ದು ಇದೇ ಮೊದಲು."

ಅವನ ಕೈ ನಿಂತಿತು. ಹೆಂಡತಿಯ ಹೂಂ ಕಿವಿಯಲ್ಲಿ ಮತ್ತೆ ಕೇಳಿಸಿದಂತಾಯಿತು.

ಸಂಜೆ ಅವಳು ಈರುಳ್ಳಿ ಹೆಚ್ಚುತ್ತ ಕೂತಾಗ ಹತ್ತಿರ ಹೋಗಿ ಕೂತ. ಸುತ್ತು ಬಳಸಿ ಮಾತು ತೆಗೆದ. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಸ್ ಸ್ಟಾಪಿನಲ್ಲಿ ಊಟದ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ನಿಲ್ಲುವುದು ಯಾಕೆ, ಕೈಚೀಲದ ಪಟ್ಟಿಗೆ ಸದಾ ಒಂದು ಪಿನ್ನು ಚುಚ್ಚಿಕೊಂಡಿರುವುದು ಯಾಕೆ ಎಂದೆಲ್ಲ ಹೇಳಿದಳು. ಆ ಪಿನ್ನು ಕಾರ್ಖಾನೆಯ ಕೆಲಸಕ್ಕೆಂದೇ ಅವನು ಇಷ್ಟು ವರ್ಷ ತಿಳಿದಿದ್ದ.

"ಯಾರವನು?" ಎಂದ. ದನಿ ಗಡುಸಾಗಿತ್ತು.

"ಒಬ್ಬನಾಗಿದ್ರೆ ಹೇಳ್ತಿದ್ದೆ."

"ನಂಗ್ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ರಿ? ನನ್ನ ಸುತ್ತ ಬಣ್ಣ ಬಳೀತಿದ್ರಾ?"

ಹಾಗೆಂದು ಅವಳೇ ನಕ್ಕಳು. ಅವನಿಗೆ ನಗು ಬರಲಿಲ್ಲ. ರಾತ್ರಿ ಅವನ ಅನ್ನ ತಟ್ಟೆಯಲ್ಲೇ ಆರಿತು.

ಮರುದಿನ ಮೇಡಂ ಹತ್ತಿರ ಹೋಗಿ, ಬಸ್ ನಿಲ್ದಾಣದ ವೃತ್ತಗಳನ್ನಾದರೂ ಉಳಿಸಲು ಸಾಧ್ಯವೇ ಎಂದು ವಿಚಾರಿಸಿದ. ಕಾರಣ ಹೇಳುವಾಗ ನಾಲಿಗೆ ತಡವರಿಸಿತು. ಮೇಡಂ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾವೂ ಬಸ್ಸಿನಲ್ಲೇ ಓಡಾಡಿದವರು ಎಂದರು. ಆಮೇಲೆ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು.

"ನೀವು ಹೇಳೋದು ನಿಜ. ಆದ್ರೆ ಜನ ಇದನ್ನ ಒಪ್ಪಿದ್ದು ಕಾಯಿಲೆಗೋಸ್ಕರ. ಕಾಯಿಲೆ ಇಳಿದ್ಮೇಲೂ ಬೇರೆ ನೆಪಕ್ಕೆ ಇಟ್ಕೊಂಡ್ರೆ, ನಾಳೆ ನಾವು ಏನು ಹೇಳಿದ್ರೂ ನಂಬಲ್ಲ. ಹಾಗೆ ನಂಬದೇ ಇರೋದೂ ತಪ್ಪಲ್ಲ."

ಸರ್ಟಿಫಿಕೇಟಿನ ಯಜಮಾನರದ್ದೂ ಸರಿ, ಪಾರ್ಸೆಲ್ ಹುಡುಗಿಯದ್ದೂ ಸರಿ. ಎರಡೂ ಸರಿಯಾಗಿರುವುದು ಹೇಗೆ ಎಂದು ಪೇಂಟರಣ್ಣ ದಾರಿಯುದ್ದಕ್ಕೂ ತಲೆ ಕೆರೆದುಕೊಂಡ.

ರಜೆಯ ದಿನ ನಿಲ್ದಾಣ ಖಾಲಿಯಿದ್ದಾಗ ಅಲ್ಲಿಯವನ್ನೂ ಉಜ್ಜಿ ಮುಗಿಸಿದ. ಮರುದಿನ ಬೆಳಗ್ಗೆ ಹೆಂಡತಿಯ ಜೊತೆ ತಾನೂ ಹೊರಟ. ಬಾಲದ ಹಾಗೆ ಯಾಕೆ ಬರುತ್ತೀರಿ ಎಂದು ಅವಳು ಬೈದರೂ ಬಿಡಲಿಲ್ಲ. ಕಾವಲಿಗೆಂದು ಅವಳೊಡನೆ ಹೇಳಿದನಾದರೂ, ಗೆರೆಯಿಲ್ಲದ ನೆಲದ ಮೇಲೆ ಜನ ಹೇಗೆ ನಿಲ್ಲುತ್ತಾರೆ ಎಂದು ನೋಡುವ ಕುತೂಹಲವೂ ಇತ್ತು.

ಅವನು ಕಂಬಕ್ಕೆ ಒರಗಿ ನಿಂತ. ಹೆಂಡತಿ ಸರತಿ ಸೇರಿದಳು. ಅವಳ ಮುಂದಿದ್ದ ಹೆಂಗಸರು ಯಾರೂ ಹೇಳದೆಯೇ ಅಷ್ಟಷ್ಟು ಜಾಗ ಬಿಟ್ಟು ನಿಂತಿದ್ದರು. ಹಿಂದೆ ಬಂದವನೊಬ್ಬ ಅವಳ ಹೆಗಲು ತಾಗುವಷ್ಟು ಹತ್ತಿರ ಬಂದ. ಪೇಂಟರಣ್ಣ ಕಂಬ ಬಿಟ್ಟು ಮುಂದೆ ಹೆಜ್ಜೆ ಇಟ್ಟ. ಅಷ್ಟರಲ್ಲಿ ಅವಳೇ ತಿರುಗಿದಳು.

"ಸ್ವಲ್ಪ ಹಿಂದೆ ನಿಲ್ಲಿ."

"ರೌಂಡು ಅಳಿಸಿದಾರಲ್ಲಮ್ಮ. ಕೊರೊನಾ ಹೋಯ್ತು."

"ಕೊರೊನಾ ಹೋಯ್ತು. ನೀವಿನ್ನೂ ಇಲ್ಲೇ ಇದೀರಲ್ಲ."

ಮುಂದಿದ್ದವಳೊಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಜೋರಾಗಿಯೇ ನಕ್ಕಳು. ಆ ಮನುಷ್ಯ ಅತ್ತ ಇತ್ತ ನೋಡಿ, ಮೊಬೈಲು ತೆಗೆದು, ಅದನ್ನೇ ನೋಡುತ್ತ ಎರಡು ಹೆಜ್ಜೆ ಹಿಂದೆ ಸರಿದ. ಪೇಂಟರಣ್ಣ ತಿರುಗಿ ಕಂಬದ ಹತ್ತಿರ ಹೋದ. ಬಸ್ಸು ಬಂದಾಗ ಬಾಗಿಲಲ್ಲಿ ಎಂದಿನಂತೆ ನೂಕುನುಗ್ಗಲಾಯಿತು. ಅವಳು ಮೊಣಕೈ ಮುಂದೆ ಮಾಡಿಕೊಂಡು ಹತ್ತಿದಳು.

ಇಷ್ಟು ದಿಟ್ಟವಾಗಿ ಮೊದಲೂ ಮಾತಾಡುತ್ತಿದ್ದೆಯಾ ಎಂದು ಸಂಜೆ ಅವಳನ್ನು ಕೇಳಿದ.

"ಇಲ್ಲ. ಹಿಂದೆ ಹೋಗಿ ಅನ್ನೋಕೆ ಎಷ್ಟು ಹಿಂದೆ ಅಂತ ನಂಗೇ ಗೊತ್ತಿರ್ಲಿಲ್ಲ. ಮೈ ಅಂದ್ಮೇಲೆ ತಾಗುತ್ತೆ ಅಂದ್ಕೊಂಡಿದ್ದೆ. ಒಂದು ವರ್ಷ ಆರಾಮಾಗಿ ನಿಂತ್ನಲ್ಲ, ಆಗ ತಿಳೀತು."

ಎಲ್ಲ ದಿನವೂ ಹೀಗೇ ಆಗಲಿಲ್ಲ. ಕೆಲವರು ಸರಿದರು, ಕೆಲವರು ಜಗಳಕ್ಕೇ ನಿಂತರು. ಒಮ್ಮೆ ಅವಳು ಅಳು ನುಂಗಿಕೊಂಡು ಮನೆಗೆ ಬಂದಳು, ಅಂದು ಇಬ್ಬರೂ ಕೂತು ಪೂರ್ತಿ ಮಾತಾಡಿದರು. ಕಾರ್ಖಾನೆಯ ಹೆಂಗಸರು ಒಟ್ಟಾಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡ ಮೇಲೆ ಕಾಟ ಎಷ್ಟೋ ಕಡಿಮೆಯಾಯಿತು. ಪೇಂಟರಣ್ಣನಿಗೆ ಆಮೇಲೆ ಶಾಲೆಯೊಂದರ ಗೋಡೆ ಬಳಿಯುವ ಕೆಲಸ ಸಿಕ್ಕಿತು. ಹೋಗುವ ದಾರಿಯಲ್ಲಿ ಎಲ್ಲಾದರೂ ಸರತಿ ಕಂಡರೆ, ಯಾರು ಯಾರಿಂದ ಎಷ್ಟು ದೂರ ನಿಂತಿದ್ದಾರೆ ಎಂದು ಸೈಕಲ್ ನಿಲ್ಲಿಸಿ ನೋಡಿಯೇ ಅವನು ಮುಂದೆ ಹೋಗುತ್ತಿದ್ದ.